ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ

ಸೈಪ್ರಸ್, ಕ್ರೊಯೇಷಿಯಾ, ಲಿಥುವೇನಿಯಾ. ಈ ಮೂರು ದೇಶಗಳ ಕ್ಲಬ್ಬುಗಳಿಗೆ ಫುಟ್‌ಬಾಲ್ ಆಡಿದವಳು ಎಂದು ಗೊತ್ತಾದ ಕೂಡಲೇ ಜನ ಅಲ್ಲಿನ ಮೈದಾನಗಳ ಬಗ್ಗೆ, ಹಿಮದ ಬಗ್ಗೆ ಕೇಳುತ್ತಾರೆ. ನನಗೆ ಸರಿಯಾಗಿ ನೆನಪಿರುವುದು ಶೌಚಾಲಯಗಳು ಮಾತ್ರ. ಸೈಪ್ರಸ್ಸಿನಲ್ಲಿ ಕೊಳವೆಗಳು ಸಪೂರ. ಒರೆಸಿದ ಕಾಗದವನ್ನು ನೀರಿಗೆ ಬಿಡುವಂತಿಲ್ಲ, ಪಕ್ಕದ ಬುಟ್ಟಿಗೆ ಹಾಕಬೇಕು. ಇಡೀ ತಂಡಕ್ಕೆ ಒಂದೇ ಬುಟ್ಟಿ. ನನ್ನ ಕಾಗದದಲ್ಲಿ ರಕ್ತ ಕಾಣತೊಡಗಿದ್ದು ಅಲ್ಲಿ. ಅದನ್ನು ಇನ್ನೊಂದು ಕಾಗದದಲ್ಲಿ ಸುತ್ತಿ, ಉಳಿದವರ ಕಾಗದಗಳ ಅಡಿಗೆ ಬೆರಳಿನಿಂದ ತಳ್ಳಿ, ಕೈ ತೊಳೆದು, ಅಭ್ಯಾಸಕ್ಕೆ ಹೋಗುತ್ತಿದ್ದೆ.

ಧೈರ್ಯ ತುಂಬುವ ಬರಹಗಳನ್ನು ಕಾಯಿಲೆಯ ತಿಂಗಳುಗಳಲ್ಲಿ ಬೇಕಾದಷ್ಟು ಓದಿದೆ. ಯಾವುದರಲ್ಲೂ ವಾಸನೆ ಇರಲಿಲ್ಲ. ನನ್ನ ಕಾಯಿಲೆಯಲ್ಲಿ ಎಲ್ಲಕ್ಕಿಂತ ಮೊದಲು ಇದ್ದದ್ದು ವಾಸನೆ. ಹಾಗಾಗಿ ಇದನ್ನು ಊಟದ ಹೊತ್ತಿನಲ್ಲಿ ಓದಬೇಡಿ.

ನಾನು ಲೆಫ್ಟ್ ಬ್ಯಾಕ್. ಮೈದಾನದ ಎಡ ಅಂಚಿನುದ್ದಕ್ಕೂ ಹಿಂದೆ ಮುಂದೆ ಓಡುತ್ತಾ ಎದುರಾಳಿಗಳನ್ನು ತಡೆಯುವುದು ನನ್ನ ಕೆಲಸ. ಅರ್ಧ ಆಟ ಮುಗಿದು ತಂಡಗಳು ದಿಕ್ಕು ಬದಲಿಸಿದಾಗ ನನ್ನ ಅಂಚೂ ಬದಲಾಗುತ್ತದೆ. ಒಂದು ಅರ್ಧದಲ್ಲಿ ಡ್ರೆಸ್ಸಿಂಗ್ ರೂಮಿನ ಬಾಗಿಲು ನನ್ನ ಪಕ್ಕದಲ್ಲಿ, ಇನ್ನೊಂದರಲ್ಲಿ ನನಗೂ ಅದಕ್ಕೂ ನಡುವೆ ಇಡೀ ಮೈದಾನ. ನಾಣ್ಯ ಚಿಮ್ಮುವಾಗ ಬೇರೆಯವರು ಗಾಳಿ, ಬಿಸಿಲು ನೋಡುತ್ತಿದ್ದರು. ನಾನು ಆ ಬಾಗಿಲನ್ನು ನೋಡುತ್ತಿದ್ದೆ.

ಕ್ರೊಯೇಷಿಯಾದಲ್ಲಿ ಕಾಯಿಲೆ ಸ್ವಲ್ಪ ಸುಮ್ಮನಿತ್ತು. ಅಲ್ಲಿ ದಾರಿಯಾ ಎಂಬ ಏಜೆಂಟ್ ಸಿಕ್ಕಿದಳು. ಆಟಗಾರ್ತಿಯರಿಗೆ ಕ್ಲಬ್ಬು ಹುಡುಕಿಕೊಡುವ, ಸುತ್ತುಬಳಸಿ ಮಾತಾಡಲು ಬಾರದ ಹೆಂಗಸು. ಅವಳೇ ನನ್ನನ್ನು ಲಿಥುವೇನಿಯಾಕ್ಕೆ ಕಳಿಸಿದ್ದು. ಅಲ್ಲಿನ ಮೈದಾನ ಪೈನ್ ಮರಗಳ ನಡುವೆ ಇತ್ತು, ಶೌಚಾಲಯ ಎಂದರೆ ಗೇಟಿನ ಹೊರಗೆ ನಿಲ್ಲಿಸಿದ ಪ್ಲಾಸ್ಟಿಕ್ಕಿನ ಗೂಡು. ಒಂದು ಪಂದ್ಯದ ಎರಡನೇ ಅರ್ಧದಲ್ಲಿ ನಾನು ರೆಫ್ರಿಯನ್ನು ಕೇಳದೆ ಓಡಿದೆ. ಅನುಮತಿಯಿಲ್ಲದೆ ಮೈದಾನ ಬಿಟ್ಟದ್ದಕ್ಕೆ ಹಳದಿ ಕಾರ್ಡು. ಗೂಡಿಗೆ ತಲುಪುವ ಮೊದಲೇ ಆಗಬೇಕಾದದ್ದು ಆಗಿತ್ತು. ನಮ್ಮದು ಬಿಳಿ ಚಡ್ಡಿ.

ಮರುದಿನ ಕ್ಲಬ್ಬಿನ ವೈದ್ಯ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, “ಇಂಡಿಯಾದವರು ಮಸಾಲೆ ಜಾಸ್ತಿ ತಿನ್ನುತ್ತೀರಿ,” ಎಂದ. ಅಲ್ಲಿಗೆ ಹೋದಂದಿನಿಂದ ನಾನು ತಿಂದದ್ದು ಬೇಯಿಸಿದ ಆಲೂಗಡ್ಡೆ. ಅವನು ಕೈಗವಸು ಹಾಕಿಕೊಂಡಿದ್ದ, ಆದರೆ ಆ ಕೈ ಕೊನೆಯವರೆಗೂ ಮೇಜಿನ ಮೇಲೆಯೇ ಇತ್ತು.

ಒಪ್ಪಂದ ಮುಗಿದದ್ದೇ ನನ್ನ ಊರು ಕಾಪುವಿಗೆ ಬಂದೆ. ದಾರಿಯಾಳಿಗೆ ಮಾತ್ರ ನಿಜ ಹೇಳಿದ್ದೆ. “ಮಾಲ್ಟಾದ ಒಂದು ಕ್ಲಬ್ಬಿಗೆ ನೀನು ಬೇಕು. ಮುಂದಿನ ಸೀಸನ್ನಿನವರೆಗೆ ಕಾಯುತ್ತಾರೆ. ನಿನ್ನ ಕರುಳು ರಿಪೇರಿ ಮಾಡಿಸಿಕೊಂಡು ಬಾ,” ಎಂದಿದ್ದಳು. ನನಗೆ ಬೇಕಾಗಿದ್ದುದೂ ಅಷ್ಟೇ. ಮತ್ತೆ ಆಡಬೇಕು. ಬೇರೆ ಏನನ್ನೂ ನಾನು ಆ ವರ್ಷ ಕೇಳಲಿಲ್ಲ.

ಮಣಿಪಾಲದ ಆಸ್ಪತ್ರೆಯಲ್ಲಿ ಹೊಟ್ಟೆಯ ವಿಭಾಗದ ಹೊರಗೆ ಕೂತವರನ್ನು ದೂರದಿಂದಲೇ ಗುರುತಿಸಬಹುದು. ಎಲ್ಲರ ಕೈಯಲ್ಲೂ ಒಂದು ಪ್ಲಾಸ್ಟಿಕ್ ತೊಟ್ಟೆ, ತೊಟ್ಟೆಯೊಳಗೆ ಮುಚ್ಚಳದ ಸಣ್ಣ ಡಬ್ಬಿ. ಗಂಡಸರು ಅದನ್ನು ಲುಂಗಿಯ ಮಡಿಕೆಯಲ್ಲಿ, ಹೆಂಗಸರು ಶಾಲಿನ ಅಡಿಯಲ್ಲಿ ಹಿಡಿದಿರುತ್ತಾರೆ. ಕಾರ್ಕಳದ ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಓದುವಾಗ ಇಂಥ ಡಬ್ಬಿಗಳನ್ನು ನಾನೇ ತೆರೆದಿದ್ದೆ. ಆಗ ಅದಕ್ಕೆ ಸ್ಯಾಂಪಲ್ ಎಂದು ಹೆಸರು. ಈಗ ನನ್ನದೇ ಡಬ್ಬಿ ಬೆಚ್ಚಗೆ ಅಂಗೈಯಲ್ಲಿತ್ತು. ಹತ್ತಿರ ಕೂತಿದ್ದ ಅಜ್ಜನೊಬ್ಬ ತನ್ನ ಡಬ್ಬಿಯನ್ನು ನನ್ನ ಪಕ್ಕದ ಖಾಲಿ ಕುರ್ಚಿಯ ಮೇಲೆ ಇಟ್ಟು, “ಸ್ವಲ್ಪ ನೋಡ್ಕೊಳ್ಳಮ್ಮ, ಚಾ ಕುಡಿದು ಬರ್ತೇನೆ,” ಎಂದು ಹೋದ. ನೋಡಿಕೊಂಡೆ.

ಹಿಂಬದಿಯಿಂದ ಕ್ಯಾಮೆರಾ ಹಾಕಿ ನೋಡಿದ ಮೇಲೆ ಡಾಕ್ಟರು ಹೇಳಿದರು: ದೊಡ್ಡ ಕರುಳಿನ ಒಳಗೋಡೆ ಪೂರ್ತಿ ಹುಣ್ಣು. ಅಲ್ಸರೇಟಿವ್ ಕೊಲೈಟಿಸ್. ಮೊದಲು ಔಷಧ. ಕೇಳದಿದ್ದರೆ ಆ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಅಂಟಿಸಬೇಕಾಗುತ್ತದೆ. “ಚೀಲ ಬೇಡ,” ಎಂದೆ. ಅವರು ತಲೆಯಾಡಿಸಿ ಔಷಧ ಬರೆದರು.

ಹೊರಗೆ ಬಂದಾಗ ಕಾರಿಡಾರಿನ ತುದಿಯಲ್ಲಿ ಮಮ್ಮಿ ಫೋನಿನಲ್ಲಿದ್ದಳು. “ಹೌದು ಹಿಲ್ಡಾ ಬಾಯಿ. ಮೊಣಕಾಲು. ಲಿಗಮೆಂಟ್ ಅಂತೆ. ಆಡುವವರಿಗೆ ಆಗ್ತದಲ್ವಾ.”

ಹಿಲ್ಡಾ ಬಾಯಿ ಎಂದರೆ ನಮ್ಮ ಚರ್ಚಿಗೆ ಸೇರಿದ ಸುತ್ತಲಿನ ಮನೆಗಳ ಗುಂಪಿಗೆ ಮುಂದಾಳು. ಅವರಿಗೆ ಹೇಳಿದರೆ ಎಲ್ಲರಿಗೂ ಹೇಳಿದ ಹಾಗೆ.

“ಮಮ್ಮಿ, ಎಂತ ಹೇಳಿದ್ದು ನೀನು?”

“ಮತ್ತೆಂತ ಹೇಳ್ಬೇಕಿತ್ತು? ಕರುಳು ಅಂದ್ರೆ ಎಂತ ಆಗ್ತದೆ ಅಂತ ಕೇಳ್ತಾರೆ. ರಕ್ತ ಅಂದ್ರೆ ಎಲ್ಲಿಂದ ಅಂತ ಕೇಳ್ತಾರೆ. ಅದನ್ನೆಲ್ಲ ನಾನು ಅವರ ಹತ್ರ ಮಾತಾಡ್ಲಾ?”

“ಏನೂ ಹೇಳದೆ ಇರಬಹುದಿತ್ತು.”

“ಹೇಳದೆ ಇದ್ರೆ ಬಸುರಿ ಅಂತಾರೆ.”

ಕುವೈಟಿನಲ್ಲಿದ್ದ ಪಪ್ಪನಿಗೆ ನಿಜ ಗೊತ್ತಿತ್ತು. ಆದರೆ ಅವರ ಕೋಣೆಯಲ್ಲಿ ಊರಿನವರೇ ಮೂವರಿದ್ದರು. ಹಾಗಾಗಿ ಅವರೂ ವಿಡಿಯೋ ಕರೆಯಲ್ಲಿ, “ಮೊಣಕಾಲು ಹೇಗುಂಟು ಬಾಯೆ?” ಎಂದು ಕೇಳುತ್ತಿದ್ದರು. ನಾನು, “ಇವತ್ತು ಆರು ಸಲ ಹೋಯ್ತು ಮೊಣಕಾಲು,” ಎನ್ನುತ್ತಿದ್ದೆ. ಅವರಿಗೆ ಅರ್ಥವಾಗುತ್ತಿತ್ತು.

ನೋಡಲು ಬಂದವರೆಲ್ಲ ಎಣ್ಣೆ ತಂದರು. ಬೇರಿನ ಎಣ್ಣೆ, ಎಲೆಯ ಎಣ್ಣೆ, ಯಾವುದೋ ಪ್ರಾಣಿಯ ಕೊಬ್ಬು. ಆ ಕೊಬ್ಬಿನ ವಾಸನೆಗೆ ನನಗೆ ವಾಂತಿಯಾಯಿತು. ಸ್ಟೆರಾಯ್ಡಿನಿಂದ ಮುಖ ತಟ್ಟೆಯಂತೆ ಊದಿತ್ತು. ಅದನ್ನು ಕಂಡು, “ಮನೆ ಊಟಕ್ಕೆ ತುಂಬಿಕೊಂಡಿದ್ದಾಳೆ, ಈಗ ಚಂದ ಕಾಣ್ತಾಳೆ,” ಎಂದರು. ಹಿಲ್ಡಾ ಬಾಯಿ ನನ್ನ ಬಲಮೊಣಕಾಲನ್ನು ಒತ್ತಿ ನೋಡುತ್ತಾ ಥಟ್ಟನೆ ಕೇಳಿದರು.

“ಹೋದ ವಾರ ಎಡದ್ದು ಅಂದಿದ್ರಲ್ವಾ?”

“ಎರಡಕ್ಕೂ ಉಂಟು,” ಎಂದಳು ಮಮ್ಮಿ, ಚಾದ ಲೋಟ ಅವರ ಕೈಗೆ ಕೊಡುತ್ತಾ.

ಎಲ್ಲಕ್ಕಿಂತ ಅಸಹ್ಯ ಎನಿಸುತ್ತಿದ್ದುದು ಭಾನುವಾರ. ಪೂಜೆಯ ನಡುವೆ ಫಾದರ್ ನನ್ನ ಹೆಸರು ಹೇಳಿ ಮೊಣಕಾಲಿಗಾಗಿ ಪ್ರಾರ್ಥಿಸಲು ಕೇಳುತ್ತಿದ್ದರು. ಇಡೀ ಇಗರ್ಜಿ ಮೊಣಕಾಲೂರುವ ಹೊತ್ತಿನಲ್ಲಿ ನಾನೊಬ್ಬಳು ಬೆಂಚಿನ ಮೇಲೆ ನೆಟ್ಟಗೆ ಕೂತಿರಬೇಕಿತ್ತು. ಮುಂದಿನ ಸಾಲಿನಲ್ಲಿ ನಿಜವಾಗಿ ಗಂಟುನೋವಿದ್ದ ಮುದುಕಿಯರು ಬೆಂಚು ಹಿಡಿದು, ಉಸಿರು ಬಿಗಿಹಿಡಿದು ಬಗ್ಗುತ್ತಿದ್ದರು. ಅವರ ತಲೆಗಳ ಮೇಲಿಂದ ನಾನು ಪೀಠವನ್ನು ನೋಡುತ್ತಿದ್ದೆ, ಯಾವ ನೋವೂ ಇಲ್ಲದ ಎರಡು ಮೊಣಕಾಲುಗಳನ್ನು ಇಟ್ಟುಕೊಂಡು.

ಸುಳ್ಳಿಗೂ ಆರೈಕೆ ಬೇಕಾಗುತ್ತದೆ. ಕಾರ್ಕಳದಲ್ಲಿ ಮೂಳೆ ಕೂಡಿಸುವ ಪಂಡಿತರೊಬ್ಬರಿದ್ದಾರೆ ಎಂದು ಹಿಲ್ಡಾ ಬಾಯಿ ತಾವೇ ಫೋನ್ ಮಾಡಿ ಹೊತ್ತು ನಿಗದಿ ಮಾಡಿಬಿಟ್ಟರು. ಹೋಗದಿದ್ದರೆ ಪ್ರಶ್ನೆ ಬರುತ್ತದೆ. ಮಮ್ಮಿ ಮತ್ತು ನಾನು ಹೋದೆವು. ಪಂಡಿತರು ಕಣ್ಣು ಮುಚ್ಚಿ ನನ್ನ ಕಾಲು ತಡವಿ, “ನರ ಸರಿದಿದೆ,” ಎಂದರು. ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿ, ಎರಡೂ ಬದಿಗೆ ಬಿದಿರಿನ ಸೀಳು ಇಟ್ಟು, ಮಡಚಲಾಗದಂತೆ ಬಿಗಿದು ಕಟ್ಟಿದರು.

ಉಡುಪಿಗೆ ಮರಳುವ ಬಸ್ಸಿನಲ್ಲಿ ಹೊಟ್ಟೆ ತಿರುಚಿತು. ಈ ಕಾಯಿಲೆಯವರಿಗೆ ಗೊತ್ತಿರುತ್ತದೆ, ಆಮೇಲೆ ಹೆಚ್ಚು ಸಮಯ ಇರುವುದಿಲ್ಲ. ಮಮ್ಮಿ ಎದ್ದು ಕಂಡಕ್ಟರನ ಹತ್ತಿರ ಹೋಗಿ ಏನೋ ಹೇಳಿದಳು. ಅವನು ನನ್ನ ಕಾಲಿನ ಕಟ್ಟನ್ನು ನೋಡಿ, “ಕಾಲು ನೋವಿಗೆ ಬಸ್ಸು ನಿಲ್ಲಿಸ್ಲಿಕ್ಕೆ ಆಗ್ತದಾ ಅಮ್ಮ?” ಎಂದ. ಕೊನೆಗೆ ನನ್ನ ಮುಖ ಕಂಡು ಸೀಟಿ ಊದಿದ. ಇಳಿದಲ್ಲಿ ಒಂದೇ ಮನೆ. ಅಂಗಳದಲ್ಲಿ ತಲೆಗೆ ಬಟ್ಟೆ ಹಾಕಿಕೊಂಡ ಬ್ಯಾರಿ ಮುಸ್ಲಿಂ ಹೆಂಗಸೊಬ್ಬರು ಬಟ್ಟೆ ಒಣಗಿಸುತ್ತಿದ್ದರು. ನಾವು ಬಾಯಿ ತೆರೆಯುವ ಮೊದಲೇ ಅವರು ಹಿಂದಿನ ಬಾಗಿಲಿನ ಕಡೆ ಕೈ ತೋರಿಸಿದರು.

ಅದು ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ. ನನ್ನ ಕಾಲು ಮಡಚುತ್ತಿರಲಿಲ್ಲ. ಸತ್ಯವಾದ ಕಾಯಿಲೆಯೂ ಸುಳ್ಳು ಕಾಯಿಲೆಯೂ ಆ ಇಕ್ಕಟ್ಟಿನೊಳಗೆ ಒಂದರ ಮೇಲೊಂದು ಬಿದ್ದವು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಬಾಗಿಲಿನ ಹೊರಗೆ ಬಕೆಟ್ ಇಟ್ಟ ಸದ್ದು ಕೇಳಿತು. ಇನ್ನೊಂದು ಬಕೆಟ್. “ನೀರು ಬೇಕಾದಷ್ಟು ಉಂಟು, ನಿಧಾನ ಮಾಡಿ,” ಎಂದರು ಆ ಹೆಂಗಸು. ಆಮೇಲೆ ಬಾಗಿಲಿನ ಮೇಲಿಂದ ಒಗೆದ ಪೈಜಾಮವೊಂದು ನೇತಾಡಿತು. “ನನ್ನ ಮಗಳದ್ದು. ವಾಪಸ್ ತರ್ಲಿಕ್ಕೆ ಅಂತ ಬರ್ಬೇಡಿ, ಬರುವುದಾದ್ರೆ ಸುಮ್ಮನೆ ಬನ್ನಿ.” ಯಾಕೆ, ಏನು ಎಂದು ಅವರು ಕೇಳಲಿಲ್ಲ. ಆ ಇಡೀ ವರ್ಷದಲ್ಲಿ ನನ್ನ ಮೊಣಕಾಲಿನ ಬಗ್ಗೆ ಕೇಳದೆ ಇದ್ದವರು ಅವರೊಬ್ಬರೇ.

ರಸ್ತೆಯ ಬದಿಯಲ್ಲಿ ಮುಂದಿನ ಬಸ್ಸಿಗೆ ಕಾಯುತ್ತಾ ಕಾಲಿನ ಕಟ್ಟನ್ನು ಬಿಚ್ಚಿ ಚರಂಡಿಗೆ ಎಸೆದೆ. “ಚೀಲ ಹಾಕಿಸ್ತೇನೆ,” ಎಂದೆ. ಔಷಧ ಕೇಳುತ್ತಿಲ್ಲ ಎಂದು ಡಾಕ್ಟರು ಆಗಲೇ ಹೇಳಿಯಾಗಿತ್ತು. ಮಮ್ಮಿ ಚರಂಡಿಯನ್ನೇ ನೋಡುತ್ತಿದ್ದಳು. “ಹಿಲ್ಡಾ ಬಾಯಿಗೆ ಎಂತ ಹೇಳುವುದು?” ಎಂದಳು.

ಹಿಲ್ಡಾ ಬಾಯಿಗೆ ಮೊಣಕಾಲಿನ ಆಪರೇಷನ್ ಎಂದು ಹೇಳಲಾಯಿತು.

ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ. ಮನೆಯವರ ಮಾತನ್ನೆಲ್ಲ ನಾನು ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ಆದರೆ ಬಾಯಿಗೆ ಬರಬಾರದ ಮಾತು ಬಂದಾಗ ಮಮ್ಮಿ ತಾನಾಗಿಯೇ ಕನ್ನಡಕ್ಕೆ ಹೋಗುತ್ತಾಳೆ, ಕೊಂಕಣಿಯ ಮಾತು ತೀರಾ ಮೈಗೆ ಹತ್ತಿರ ಎನ್ನುವ ಹಾಗೆ. ಆಪರೇಷನ್ ಆದ ಮೇಲೆ ನರ್ಸ್ ನನಗೆ ಚೀಲ ಬದಲಿಸುವುದನ್ನು ಕಲಿಸುವಾಗ ಅವಳು ಮಂಚದ ಪಕ್ಕ ನಿಂತಿದ್ದಳು. ಹೊಟ್ಟೆಯ ಬಲಕ್ಕೆ, ಹೊಕ್ಕುಳಿನ ಕೆಳಗೆ, ಅಂಗಿಯ ಕೆಂಪು ಗುಂಡಿಯಂತೆ ಒದ್ದೆಯಾದ ಕರುಳಿನ ತುದಿ. ಅದು ಸಣ್ಣಗೆ ಅಲುಗುತ್ತಿತ್ತು. ನಾವು ನೋಡುತ್ತಿದ್ದಾಗಲೇ ಅದರಿಂದ ಹಳದಿ ನೀರು ಚಿಮ್ಮಿ ನರ್ಸಿನ ಗಡಿಯಾರದ ಮೇಲೆ ಬಿತ್ತು.

“ಇದಕ್ಕೆ ನಾಚಿಕೆ ಇಲ್ಲ,” ಎಂದಳು ನರ್ಸ್ ಗಡಿಯಾರ ಒರೆಸುತ್ತಾ. “ಯಾರು ಬಂದ್ರೂ ಮುಖ ನೋಡುವುದಿಲ್ಲ.”

ಮಮ್ಮಿ ಮೂಗಿಗೆ ಸೆರಗು ಹಿಡಿದಳು. “ಹೇಸಿಗೆ,” ಎಂದಳು ಕನ್ನಡದಲ್ಲಿ, ಮತ್ತು ಹೊರಗೆ ಹೋದಳು.

ನಾನು ಛಾವಣಿ ನೋಡುತ್ತಾ ಮಲಗಿದೆ. ಆ ಪದದ ಬಗ್ಗೆ ಅಂದು ಬಹಳ ಹೊತ್ತು ಯೋಚಿಸಿದೆ. ಹೊಟ್ಟೆಯಿಂದ ಬರುವ ವಸ್ತುವಿಗೂ ಅದೇ ಹೆಸರು, ಅದನ್ನು ಕಂಡಾಗ ಆಗುವ ಭಾವನೆಗೂ ಅದೇ ಹೆಸರು. ಅವಳು ಹೇಳಿದ್ದು ಯಾವುದನ್ನು ಎಂದು ನನಗೆ ಗೊತ್ತಿತ್ತು. ನನಗೂ ಅದೇ ಆಗುತ್ತಿತ್ತು. ಚೀಲ ಖಾಲಿ ಮಾಡುವಾಗ ಮೊದಲ ವಾರಗಳಲ್ಲಿ ನಾನು ಗೋಡೆ ನೋಡುತ್ತಿದ್ದೆ. ಒಮ್ಮೆ ನಿದ್ದೆಯಲ್ಲಿ ಅಂಚು ಬಿಟ್ಟು ಹಾಸಿಗೆಯೆಲ್ಲ ಒದ್ದೆಯಾದಾಗ ನನ್ನ ಚರ್ಮವನ್ನೇ ಬಿಚ್ಚಿ ಬಕೆಟ್ಟಿಗೆ ಹಾಕಬೇಕು ಅನಿಸಿತು. ಹಾಸಿಗೆಯ ಬಟ್ಟೆಯನ್ನು ಮಮ್ಮಿಯೇ ಒಗೆದಳು. ಬಾವಿಕಟ್ಟೆಯಲ್ಲಿ, ಯಾರಿಗೂ ಕಾಣದ ಹಾಗೆ ಈಚೆ ಬದಿಗೆ ಕೂತು.

ಆದರೆ ರಕ್ತ ನಿಂತಿತ್ತು. ಅನ್ನ ಮೈಗೆ ಹತ್ತತೊಡಗಿತು. ಡಾಕ್ಟರು ಓಡಬಹುದು ಎಂದಾಗ ಓಡಲು ಜಾಗ ಸಿಗಲಿಲ್ಲ. ಕಾಪುವಿನ ಕಡಲತೀರದಲ್ಲಿ ಓಡಿದರೆ ಯಾರಾದರೂ ನೋಡುತ್ತಾರೆ, ಮೊಣಕಾಲಿನ ಆಪರೇಷನ್ ಆದವಳು ಹೀಗೆ ಓಡುವಂತಿಲ್ಲ. ಬಸ್ಸಿನಲ್ಲಿ ಎರ್ಮಾಳಿಗೆ ಹೋಗಿ, ದೋಣಿಗಳ ಆಚೆ ಮರಳಿನಲ್ಲಿ ಓಡುತ್ತಿದ್ದೆ. ಚೀಲದ ಮೇಲೆ ಅಗಲ ಬೆಲ್ಟು. ಬೆವರಿದಾಗ ಅಂಟು ಸಡಿಲವಾಗಿ ಸ್ವಲ್ಪ ಸೋರುತ್ತಿತ್ತು. ಅಲ್ಲಿ ಮೀನಿನ ವಾಸನೆ ಇದ್ದುದರಿಂದ ನನ್ನದು ಯಾರಿಗೂ ತಿಳಿಯುತ್ತಿರಲಿಲ್ಲ. ವರ್ಷದಲ್ಲಿ ಮೊದಲ ಸಲ ಚೆಂಡನ್ನು ಒದ್ದ ದಿನ ಅದು ನೇರ ಸಮುದ್ರಕ್ಕೆ ಹೋಯಿತು. ಬಲೆ ಸರಿಮಾಡುತ್ತಿದ್ದವನೊಬ್ಬ, “ಎಂತ ಮಾರಾಯ್ತಿ, ಮೀನಿಗೆ ಪಾಸ್ ಕೊಡುದಾ?” ಎಂದು ಕೂಗಿದ. ನಾನು ನಕ್ಕೆ. ಚೀಲ ಹಿಡಿದುಕೊಂಡು ನಕ್ಕೆ.

ದಾರಿಯಾಳ ಕರೆ ಬಂದದ್ದು ಅದೇ ವಾರ.

“ನಿಜ ಹೇಳು. ಕರುಳೋ, ಮೊಣಕಾಲೋ?”

ಹಿಲ್ಡಾ ಬಾಯಿಯ ಅಳಿಯ ಫೋನಿನಲ್ಲಿ ಓದುವ ಊರಿನ ಸುದ್ದಿಪುಟವೊಂದನ್ನು ನಡೆಸುತ್ತಾನೆ. ಅದರಲ್ಲಿ ನನ್ನ ಫೋಟೊ ಹಾಕಿ, ಯುರೋಪಿನಲ್ಲಿ ಆಡಿದ ಕರಾವಳಿಯ ಆಟಗಾರ್ತಿಗೆ ಮೊಣಕಾಲಿನ ಗಂಭೀರ ಶಸ್ತ್ರಚಿಕಿತ್ಸೆ, ಎಲ್ಲರೂ ಪ್ರಾರ್ಥಿಸಿ ಎಂದು ಬರೆದಿದ್ದ. ಮಾಲ್ಟಾದ ಕ್ಲಬ್ಬಿನವರು ನನ್ನ ಹೆಸರು ಹುಡುಕಿ, ಯಂತ್ರದಲ್ಲಿ ಅನುವಾದಿಸಿ ಓದಿದ್ದರು.

“ಕರುಳು ಇಲ್ಲದೆಯೂ ಲೆಫ್ಟ್ ಬ್ಯಾಕ್ ಆಡಬಹುದು,” ಎಂದಳು ದಾರಿಯಾ. “ಮೊಣಕಾಲು ಇಲ್ಲದೆ ಆಗುವುದಿಲ್ಲ. ನೀನು ಅದನ್ನು ಮುಚ್ಚಿಡಲು ಕರುಳಿನ ಕಥೆ ಕಟ್ಟಿದ್ದೀ ಅಂತ ಅವರ ಅನುಮಾನ. ಸ್ಕ್ಯಾನ್ ಕಳಿಸು. ಆ ಸುದ್ದಿಯನ್ನು ತೆಗೆಸು. ಎರಡೂ ಬೇಕು, ಬೇಗ ಬೇಕು. ಇನ್ನೊಬ್ಬಳನ್ನು ನೋಡಿಟ್ಟಿದ್ದಾರೆ.”

ಊರಿನಲ್ಲಿ ಮರ್ಯಾದೆ ಉಳಿಸಲೆಂದು ಮಮ್ಮಿ ಆರಿಸಿದ ಕಾಯಿಲೆ, ಫುಟ್‌ಬಾಲಿನಲ್ಲಿ ಎಲ್ಲಕ್ಕಿಂತ ಕೆಟ್ಟ ಕಾಯಿಲೆ.

ಸ್ಕ್ಯಾನ್ ಸುಲಭ. ಮಣಿಪಾಲದಲ್ಲಿ ಯಂತ್ರದ ಹತ್ತಿರ ನಿಂತವನು, “ಮೊಣಕಾಲಿಗೆ ಎಂತ ಆಗಿದೆ?” ಎಂದು ಕೇಳಿದ. “ಏನೂ ಆಗಿಲ್ಲ,” ಎಂದೆ. “ಮತ್ತೆ?” ಎಂದ. “ಅದನ್ನೇ ಬರೆದು ಕೊಡಿ.”

ಮಮ್ಮಿ ಒಪ್ಪಲಿಲ್ಲ. “ಅವನಿಗೆ ಹೇಳಿ ಸುದ್ದಿ ತೆಗೆಸಿದ್ರೆ ಯಾಕೆ ಅಂತ ಕೇಳ್ತಾನೆ. ವರ್ಷ ಇಡೀ ಪ್ರಾರ್ಥನೆ ಮಾಡಿದ್ದಾರೆ ಜನ. ಫಾದರ್ ಮಾಡಿದ್ದಾರೆ. ನಾನು ಇನ್ನು ಅಲ್ಲಿ ಮುಖ ತೋರಿಸುವುದು ಬೇಡ್ವಾ?”

“ನಾನು ಆಡುವುದು ಬೇಡ್ವಾ?”

ಅವಳು ಭಾನುವಾರದ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು, ಹಾಕುತ್ತಲೇ ಇದ್ದಳು.

ಆ ಭಾನುವಾರ ಫಾದರ್ ಎಂದಿನಂತೆ ನನ್ನ ಹೆಸರು ಹೇಳಿದರು. ಗಂಟೆ ಬಾರಿಸಿತು. ಎಲ್ಲರೂ ಮೊಣಕಾಲೂರಿದರು. ನಾನೂ ಊರಿದೆ. ಎರಡೂ ಮೊಣಕಾಲುಗಳು ಒಟ್ಟಿಗೆ ನೆಲಕ್ಕೆ ತಾಗಿ ಸದ್ದಾಯಿತು. ಮಮ್ಮಿ ನನ್ನ ಶಾಲು ಹಿಡಿದು ಮೇಲಕ್ಕೆ ಎಳೆದಳು. ನಾನು ಏಳಲಿಲ್ಲ. ಆಮೇಲೆ ಎಳೆಯುವುದನ್ನು ಬಿಟ್ಟಳು, ಆದರೆ ಶಾಲಿನ ತುದಿಯನ್ನು ಬಿಡಲಿಲ್ಲ.

ಹೊರಗೆ ಅಂಗಳದಲ್ಲಿ ಹಿಲ್ಡಾ ಬಾಯಿ ಎರಡೂ ಕೈ ಚಾಚಿ ಬಂದರು. ಹಿಂದೆ ಅಳಿಯ, ಫೋನ್ ಹಿಡಿದುಕೊಂಡು. “ದೇವರು ದೊಡ್ಡವನು ಬಾಯೆ. ನೋಡಿದೆ ನಾನು. ಮೊಣಕಾಲು ಸರಿ ಆಯ್ತು.”

ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅದು ಪವಾಡವಾಗುತ್ತಿತ್ತು.

“ಬಾಯಿ, ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ. ನನಗೆ ಕರುಳಿನ ಕಾಯಿಲೆ. ದೊಡ್ಡ ಕರುಳು ತೆಗೆದಿದ್ದಾರೆ. ಹೊಟ್ಟೆಯ ಮೇಲೆ ಚೀಲ ಉಂಟು. ಹೇಸಿಗೆ ಅದರಲ್ಲಿ ಬರ್ತದೆ.” ಕೊಂಕಣಿಯ ನಡುವೆ ಆ ಒಂದು ಪದವನ್ನು ನಾನೂ ಕನ್ನಡದಲ್ಲೇ ಹೇಳಿದೆ. ಅದೇ ಹೊತ್ತಿಗೆ ಚೀಲದೊಳಗಿಂದ ಗಾಳಿ ಹೊರಟು ಎಲ್ಲರಿಗೂ ಕೇಳಿಸಿತು. ನರ್ಸ್ ಹೇಳಿದ್ದು ನಿಜ, ಅದಕ್ಕೆ ನಾಚಿಕೆ ಇಲ್ಲ.

ಅಳಿಯ ಒಂದು ಹೆಜ್ಜೆ ಹಿಂದೆ ಸರಿದ. ಹಿಲ್ಡಾ ಬಾಯಿ ನನ್ನ ಹೊಟ್ಟೆಯನ್ನು ನೋಡಿದರು, ಮಮ್ಮಿಯನ್ನು ನೋಡಿದರು.

“ವಾಸನೆ ಬರ್ತದಾ?”

“ಅಂಟು ಬಿಟ್ಟರೆ ಬರ್ತದೆ.”

“ಈಗ?”

“ಇಲ್ಲ.”

ಅವರು ನಂಬಲಿಲ್ಲ. ಅಷ್ಟು ಜನರ ನಡುವೆ ಬಗ್ಗಿ, ನನ್ನ ಹೊಟ್ಟೆಯ ಹತ್ತಿರ ಮೂಗು ತಂದು, ಮೀನು ತಾಜಾ ಉಂಟೋ ಎಂದು ನೋಡುವವರ ಹಾಗೆ ಮೂಸಿದರು. “ಇಲ್ಲ ಮಾರಾಯ್ತಿ,” ಎಂದರು ನೆಟ್ಟಗಾಗಿ. ಆಮೇಲೆ ಮಮ್ಮಿಯ ಕಡೆ ತಿರುಗಿದರು. “ನಾನು ತಂದ ಆ ಕೊಬ್ಬಿನ ಎಣ್ಣೆ ಸುಮ್ಮನೆ ಹಾಳು ಮಾಡಿದ್ಯಲ್ಲ. ನನ್ನ ಮೊಣಕಾಲಿಗಾದ್ರೂ ಹಚ್ಚುತ್ತಿದ್ದೆ.” ಮತ್ತೆ ಅಳಿಯನಿಗೆ: “ತೆಗಿ ಅದನ್ನು. ಈಗಲೇ.”

ಅವನು ತೆಗೆದ. ಬದಲಿಗೆ ಸಾವನ್ನು ಗೆದ್ದವಳು ಎಂದು ಏನೋ ಬರೆಯುತ್ತೇನೆ ಎಂದ. ಬೇಡ ಎಂದೆ.

ಆ ಮೇಲೆ ಬಂದದ್ದು ಬೇರೆಯೇ ಹಿಂಸೆ. ಹೆಂಗಸರು ನನ್ನನ್ನು ಬದಿಗೆ ಕರೆದು ತಮ್ಮ ಮೂಲವ್ಯಾಧಿ, ತಮ್ಮ ಸೋರಿಕೆ, ತಮ್ಮ ಗಂಡಂದಿರ ಹೊಟ್ಟೆಯ ಸಂಗತಿಗಳನ್ನು ಪಿಸುಗುಟ್ಟತೊಡಗಿದರು. ಕೇಳಿ ನನಗೆ ಹೇಸಿಗೆಯಾಗುತ್ತದೆ. ಆದರೂ ಎದ್ದು ಹೋಗುವುದಿಲ್ಲ. ನಿಮಗೂ ಹೇಳುವುದಕ್ಕೆ ಯಾರೂ ಇಲ್ಲದಿದ್ದರೆ, ಹೀಗೆ ಮೂಗು ಮುಚ್ಚಿಕೊಂಡು ಕೇಳುವ ಒಬ್ಬಳು ಕಾಪುವಿನಲ್ಲಿದ್ದಾಳೆ ಎಂದು ತಿಳಿದಿರಲಿ.

ಮಾಲ್ಟಾದಲ್ಲಿ ಒಂದು ಸೀಸನ್ ಪೂರ್ತಿ ಆಡಿದೆ. ಅಲ್ಲಿನ ಮೈದಾನದ ಕೃತಕ ಹುಲ್ಲು ಬಿಸಿಲಿಗೆ ಕಾದು ಬೂಟಿನ ಅಡಿಯನ್ನು ಸುಡುತ್ತಿತ್ತು, ಗೋಡೆಯಾಚೆ ಸಮುದ್ರ ಕಾಣುತ್ತಿತ್ತು, ನಾನು ಒಂದು ಗೋಲು ಹೊಡೆದೆ. ಶೌಚಾಲಯಗಳು ಹೇಗಿದ್ದವು ಎಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಅಲ್ಲಿಂದ ಪ್ರತಿ ಪಂದ್ಯದ ಮೊದಲು ಮನೆಗೆ ವಿಡಿಯೋ ಕರೆ ಮಾಡುತ್ತಿದ್ದೆ. ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರೂ ಇರುವಾಗ, ಫೋನಿನ ಸದ್ದು ಕಡಿಮೆ ಮಾಡುವ ಮೊದಲೇ, ಮಮ್ಮಿ ಅಂಗಳದಲ್ಲಿ ನಿಂತು ಬೀದಿಗೆ ಕೇಳುವ ಹಾಗೆ ಕನ್ನಡದಲ್ಲಿ ಕೇಳುತ್ತಿದ್ದಳು:

“ಹೇಸಿಗೆ ಇವತ್ತು ಗಟ್ಟಿ ಉಂಟಾ, ನೀರಾ?”

“ಗಟ್ಟಿ ಉಂಟು.”

“ಹಾಗಾದ್ರೆ ಆಡು,” ಎನ್ನುತ್ತಿದ್ದಳು.